ಅಪ್ಪನ ಗಾಡಿಗೆ ನಾನು ಸಾಕ್ಷಿ

ಅಪ್ಪ ತೀರಿಕೊಂಡ ಮೇಲೆ ಅವರ ಪಿಕಪ್ ಗಾಡಿ ನನಗೆ ಬರಲಿಲ್ಲ. ಬರುವ ಮಾತೇ ಇರಲಿಲ್ಲ. ನಮ್ಮದು ಅಳಿಯಕಟ್ಟು, ಮನೆಯ ಯಜಮಾನ ಬಿಟ್ಟುಹೋದದ್ದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಗಾಡಿಯನ್ನು ಅಪ್ಪ ಕೊಂಡದ್ದು ಕುಟುಂಬದ ಭತ್ತ ಮಾರಿದ ದುಡ್ಡಿನಿಂದ. ಹಾಗಾಗಿ ಅದು ಬಂಟ್ವಾಳದಿಂದ ಪೊಳಲಿಗೆ ಹೋಗುವ ದಾರಿಯಲ್ಲಿದ್ದ ಕುಟುಂಬದ ಮನೆಯಲ್ಲೇ ಉಳಿಯಿತು, ನನ್ನ ಸೋದರತ್ತೆಯ ಮಗನ ಪಾಲಿಗೆ. ನಾನು ಮತ್ತು ಅಮ್ಮ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ, ಬಟ್ಟೆಯ ಗಂಟು ಕಟ್ಟಿಕೊಂಡು, ಬೆಳ್ತಂಗಡಿಗೆ ತಾಗಿದ ಲಾಯಿಲದ ಅಮ್ಮನ ಮನೆಗೆ ಬಂದೆವು. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಕಟ್ಟು ಹಾಗಿತ್ತು, ಅಷ್ಟೆ. ಆದರೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಗದ್ದೆಗಾಗಿ ಅಲ್ಲ, ಮನೆಗಾಗಿಯೂ ಅಲ್ಲ, ಗಾಡಿಗಾಗಿ ಉರಿಯಿತು.

ಅದು ನನಗಿಂತ ಹಿರಿಯದು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬನ ಕೈಯಿಂದ ಅಪ್ಪನ ಕೈಗೆ ಬಂದ ಅಮೆರಿಕದ ಗಾಡಿ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಅದರ ಬೆನ್ನಿಗೆ ಒಂದು ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಓಡಿಸಿದ್ದರಂತೆ. ನಾನು ಕಂಡದ್ದು ಡ್ರಮ್ಮು ಬಿಚ್ಚಿದ ಮೇಲಿನ ರೂಪ. ಕೆಸುವಿನ ಎಲೆಯ ಹಸಿರು ಬಣ್ಣ, ಹಿಂದೆ ಹೆಬ್ಬಲಸಿನ ಹಲಗೆ ಹಾಸಿದ ತೆರೆದ ತೊಟ್ಟಿ, ಒತ್ತಿದರೆ ಎಮ್ಮೆಯ ಕರುವಿನಂತೆ ಕೂಗುವ ರಬ್ಬರಿನ ಹಾರ್ನು. ಆ ತೊಟ್ಟಿಯಲ್ಲಿ ಅಕ್ಕಿ ಮುಡಿ, ತೆಂಗಿನಕಾಯಿ, ಹೆರಿಗೆ ಬೇನೆಯ ಹೆಂಗಸರು, ಎಲ್ಲ ಹೋಗಿದ್ದಾರೆ.

ಇಂಥ ಗಾಡಿಯನ್ನು ನನ್ನ ಭಾವ, ಅಂದರೆ ಆ ಅತ್ತೆಯ ಮಗ, ಏನು ಮಾಡಿದ ಗೊತ್ತುಂಟಾ? ತೊಟ್ಟಿಗೆ ತಗಡಿನ ಮಾಡು ಹೊದಿಸಿ, ಎದುರುಬದುರು ಬೆಂಚು ಇಟ್ಟು, ನೀಲಿ ಬಣ್ಣ ಬಳಿದು, ಬಂಟ್ವಾಳದಿಂದ ಮೂಡಬಿದಿರೆಗೆ ಜನ ಸಾಗಿಸಲು ಹೊರಟ. ಸಿದ್ಧಕಟ್ಟೆಯ ತಿರುವಿನಲ್ಲಿ ಒಂದು ದಿನ ಗಾಡಿ ತೋಡಿಗೆ ಇಳಿಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಅತ್ತೆಯ ಎದೆ ಒಡೆದುಹೋಯಿತು. ಆ ವರ್ಷದ ನೇಮದಲ್ಲಿ ಕೈಮುಗಿದು ಮನೆಯ ದೈವದ ಮುಂದೆ ನಿಂತರು. ದೈವದ ನುಡಿ ಆಯಿತು: “ಯಜಮಾನ ಇಟ್ಟುಹೋದದ್ದನ್ನು ಕೆಡಿಸಿದ್ದೀರಿ. ಅವನು ಇದ್ದಾಗ ಇದ್ದ ಹಾಗೆ ಮಾಡಿ. ಆಮೇಲೆ ಮನೆಯಲ್ಲಿ ಮಂಗಳಕಾರ್ಯ.”

ಆ ಮಂಗಳಕಾರ್ಯವೇ ನಾನು.

ನನ್ನನ್ನು ಭಾವನಿಗೆ ಕೊಡುತ್ತೇನೆಂದು ಅಪ್ಪ ಬದುಕಿದ್ದಾಗಲೇ ತಮ್ಮ ಅಕ್ಕನಿಗೆ, ಅಂದರೆ ಅತ್ತೆಗೆ, ಮಾತು ಕೊಟ್ಟಿದ್ದರು. ಸತ್ತವರು ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವವರು ಯಾರು? ನಾನು ಅಮ್ಮನ ಹತ್ತಿರ ಬೇಡ ಅಂದೆ. ಅಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಬಹುದಿತ್ತು. “ಇಪ್ಪತ್ತು ವರ್ಷ ಆ ಮನೆಯಲ್ಲಿ ದೀಪ ಇಟ್ಟೆ ಮಗಾ. ಈಗ ಅಲ್ಲಿಗೆ ಹೋದ್ರೆ ನೆಂಟರ ಹಾಗೆ ಜಗಲಿಯ ಕೊನೆಯಲ್ಲಿ ಕೂತುಕೊಳ್ಬೇಕು. ನೀನು ಅಲ್ಲಿ ಇದ್ರೆ ನಾನು ಒಳಗೆ ಬರಬಹುದಲ್ಲ” ಎಂದರು. ಆಮೇಲೆ ಬೇಡವೆಂಬ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮೂಡಬಿದಿರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿಯ ಒಂದು ಕಿರಿಯ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ. ಟೀಚರ್ ಟ್ರೇನಿಂಗಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿತ್ತು, ಜೂನಿನಲ್ಲಿ ಹಾಸ್ಟೆಲು ಸೇರಬೇಕು. ಅಯ್ಯೋ, ಆ ಜೂನು ನನಗೆ ಎಷ್ಟು ಬೇಕಾಗಿತ್ತು! ಬೇರೆ ಏನೂ ಬೇಡವಾಗಿತ್ತು. ಭಾವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ನಗುಮುಖ, ದುಡಿಯುವ ಕೈ, ಬಾಯಿ ತುಂಬ ಮಾತು. ನನಗೆ ಬೇಕಾದದ್ದು ಅವನಲ್ಲ, ಅಷ್ಟೇ ವಿಷಯ.

ಆಗ ಅತ್ತೆ ಒಂದು ತಪ್ಪು ಮಾಡಿದರು. ಗಾಡಿ ಅಪ್ಪ ಇದ್ದಾಗಿನ ಹಾಗೆ ಆಗಿದೆಯೆಂದು ದೈವದ ಮುಂದೆ ಯಾರಾದರೂ ಹೇಳಬೇಕಲ್ಲ? ಭಾವ ಹೇಳುವ ಹಾಗಿಲ್ಲ, ಕೆಡಿಸಿದವನೇ ಅವನು. ಅತ್ತೆ ನನ್ನನ್ನು ಕರೆಸಿ, ತಲೆ ಸವರಿ, “ನಿನ್ನಪ್ಪನ ತೊಡೆಯ ಮೇಲೆ ಕೂತು ಬೆಳೆದವಳು ನೀನು. ನೀನು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಸಾಕ್ಷಿ ನೀನೇ” ಎಂದರು. ಗಾಡಿಯಲ್ಲಿ ನನಗೆ ಒಂದು ಬೋಲ್ಟಿನಷ್ಟು ಹಕ್ಕಿಲ್ಲ, ಆದರೆ ಅದರ ಬಾಯಿ ನಾನು! ಒಳಗೊಳಗೇ ನಗು ಬಂತು. ಪತ್ತನಾಜೆ ಬಂತೆಂದರೆ ದೈವಗಳು ಬಾಗಿಲು ಹಾಕಿ ಕೂರುತ್ತವೆ. ನೇಮವಿಲ್ಲ, ನುಡಿಯಿಲ್ಲ, ದೀಪಾವಳಿ ಕಳೆಯುವವರೆಗೆ ಕೇಳುವ ಹಾಗಿಲ್ಲ. ಪತ್ತನಾಜೆ ಬರುವುದು ಮೇ ಕೊನೆಗೆ. ಅಲ್ಲಿಯವರೆಗೆ ನಾನು ‘ಅಲ್ಲ’ ಎನ್ನುತ್ತಿದ್ದರೆ ಸಾಕು, ಜೂನಿನಲ್ಲಿ ನಾನು ಮಂಗಳೂರಿನಲ್ಲಿ.

ಎತ್ತು ಕಟ್ಟಿ ಗಾಡಿಯನ್ನು ಮೂಡಬಿದಿರೆಗೆ ಎಳೆಸಿದರು. ಅಲ್ಲಿ ಬ್ಯಾರಿ ಮೇಸ್ತ್ರಿಯೊಬ್ಬರ ಶೆಡ್ಡು ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ನೋಡಬೇಕು, ಭಾವ ಬಂದಿದ್ದರೆ ಅವನಿಗೆ ಹೇಳಬೇಕು, ಹಾಗೆಂದು ನಿಶ್ಚಯವಾಯಿತು. ಮೇಸ್ತ್ರಿಗೆ ಉತ್ಸಾಹವೋ ಉತ್ಸಾಹ. “ಕಂಪನಿಯಿಂದ ಇಳಿದ ಹಾಗೆ ಮಾಡಿ ಕೊಡ್ತೇನೆ ದಣಿ, ನೀವು ನೋಡಿ” ಎಂದು ಭಾವನಿಗೆ ಹೇಳಿದರು. ನಾನು ನಡುವೆ ಬಾಯಿ ಹಾಕಿದೆ: “ಕಂಪನಿಯಿಂದ ಇಳಿದ ಹಾಗೆ ಬೇಡ. ಅಪ್ಪ ಇಟ್ಟುಕೊಂಡ ಹಾಗೆ ಆಗ್ಬೇಕು.” ಮೇಸ್ತ್ರಿ ನನ್ನ ಮುಖ ನೋಡಿದರು.

ನಾನು ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನಿಜವಾದ ತಪ್ಪುಗಳೇ ರಾಶಿ ಇದ್ದವು. ಎಲ್ಲವನ್ನೂ ಒಂದೇ ದಿನ ಹೇಳಬಹುದಿತ್ತು, ಹೇಳಲಿಲ್ಲ, ಅಷ್ಟೆ. ಮಾಡು ಬಿಚ್ಚಿದ ಮೇಲೆ ಬಣ್ಣದ ಮಾತು ತೆಗೆದೆ. ಹಸಿರು ಬಳಿದರು. ಒಣಗಿದ ಮೇಲೆ, “ಇದು ಬಾಳೆಎಲೆಯ ಹಸಿರು, ಅಪ್ಪನದ್ದು ಕೆಸುವಿನದ್ದು” ಎಂದೆ. ಕೆರೆದು ಮತ್ತೆ ಬಳಿದರು. ತೊಟ್ಟಿಗೆ ಮಾವಿನ ಹಲಗೆ ಹಾಕಿದ್ದರು, ಹೆಬ್ಬಲಸು ಎಂದೆ. ಭಾವ ಹೆಬ್ಬಲಸು ಹುಡುಕಿಕೊಂಡು ಉಜಿರೆಯ ಆಚೆಗೆಲ್ಲ ಅಲೆದು ಬಂದ. ಎಡಗಡೆಯ ಮಡ್ಗಾರ್ಡನ್ನು ಮೇಸ್ತ್ರಿ ಬಡಿದು ಬಡಿದು ಬೋಳುತಲೆಯ ಹಾಗೆ ನುಣ್ಣಗೆ ಮಾಡಿಟ್ಟಿದ್ದರು. ಅಲ್ಲಿ ಅಪ್ಪ ಗೇಟಿನ ಮುರಕಲ್ಲಿಗೆ ತಾಗಿಸಿದ ಒಂದು ನಗ್ಗು ಇತ್ತು. “ಅದು ಬೇಕು” ಎಂದೆ.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. “ತಂಗೀ, ನಗ್ಗು ತೆಗೆಯುವುದು ನನ್ನ ಕಸುಬು. ನಗ್ಗು ಹಾಕಿ ಕೊಡಿ ಅಂತ ಇದುವರೆಗೆ ಒಬ್ಬ ಬಂದದ್ದಿಲ್ಲ ಮಾರಾಯ್ತಿ!”

“ಅವಳು ಹೇಳಿದ ಹಾಗೆ ಹಾಕಿ ಮೇಸ್ತ್ರಿ. ಮಾವನ ನಗ್ಗು ಅದು” ಎಂದ ಭಾವ, ಬಹಳ ಗಂಭೀರವಾಗಿ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಕಾಲ ತಳ್ಳುತ್ತಿದ್ದೇನೆ. ಈ ಮನುಷ್ಯ ನಾನು ಅಪ್ಪನ ನೆನಪಿಗಾಗಿ ಇಷ್ಟೆಲ್ಲ ಮಾಡಿಸುತ್ತಿದ್ದೇನೆಂದು ನಂಬಿದ್ದಾನೆ. ಒಂದೊಂದು ತಪ್ಪು ತೋರಿಸಿದಾಗಲೂ ಅವನಿಗೆ ನನ್ನ ಮೇಲೆ ಗೌರವ ಏರುತ್ತಿತ್ತು. ಅತ್ತೆಯೂ ಹಾಗೆಯೇ. “ಹುಡುಗಿ ಎಂಥ ಜಾಣೆ ನೋಡಿ, ಒಂದೂ ಮರೆತಿಲ್ಲ” ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರಂತೆ. ನಾನು ಬಿಡಿಸಿಕೊಳ್ಳಲು ಕೈ ಆಡಿಸಿದಷ್ಟೂ ಹಗ್ಗ ಬಿಗಿಯುತ್ತಿತ್ತು.

ಬಾಗಿಲಿನ ಕಥೆ ಕೇಳಿ. ಅಪ್ಪನ ಕಾಲದಲ್ಲಿ ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಅಪ್ಪ ಇಳಿದು ಸುತ್ತಿ ಬಂದು ತೆರೆದ ಮೇಲೆಯೇ ನಾವು ಇಳಿಯಬೇಕು. ಮೇಸ್ತ್ರಿ ಅದನ್ನು ರಿಪೇರಿ ಮಾಡಿದ್ದರು. ನಾನು ಅದನ್ನೂ ತೋರಿಸಿದೆ. ಮರುವಾರ ನೋಡಲು ಕೂತೆ. ಭಾವ ಹೊರಗಿನಿಂದ ಬಾಗಿಲು ದೂಡಿದ, ಟಪ್ ಎಂದಿತು. ಅದೇ ಹೊತ್ತಿಗೆ ಬೀದಿಯಲ್ಲಿ ಯಾರೋ ಪರಿಚಯದವರು ಸಿಕ್ಕಿ ಅವನು ಆಚೆ ಹೋದ. ಏಪ್ರಿಲಿನ ಬಿಸಿಲು, ತಗಡು ಕಾದಿದೆ, ಸೀಟಿನ ತೆಂಗಿನ ನಾರು ಸೀರೆ ದಾಟಿ ಚುಚ್ಚುತ್ತಿದೆ. ಆಚೆ ಬದಿಗೆ ಸರಿಯೋಣವೆಂದರೆ ನಡುವೆ ಗೇರಿನ ಕೋಲು, ಸ್ಟೇರಿಂಗಿನ ಕೆಳಗೆ ಮೇಸ್ತ್ರಿಯ ಆಳು ತಲೆ ತೂರಿಸಿ ಮಲಗಿದ್ದಾನೆ. ಭಾವ ಭಾವ ಎಂದು ಕೂಗಲು ನಾಚಿಕೆ. ನಾನೇ ಹೇಳಿ ಮಾಡಿಸಿದ ಬಾಗಿಲು, ಯಾರನ್ನು ಬಯ್ಯುವುದು? ಬೆವರಿ ತೊಪ್ಪೆಯಾಗಿ ಕೂತೆ. ಆ ಹೊತ್ತು ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಭಾವ ಬಂದು ಬಾಗಿಲು ತೆರೆದು, “ಸರಿಯಾಗಿ ಉಂಟಲ್ಲ?” ಎಂದ, ಹಲ್ಲು ಬಿಟ್ಟು. ಉಂಟು ಎಂದೆ.

ಮೇ ಬಂತು. ನನ್ನ ಬತ್ತಳಿಕೆ ಖಾಲಿಯಾಗುತ್ತಾ ಬಂತು. ಹಾರ್ನೂ ಆಯಿತು, ಎದುರಿನ ಗಾಜೂ ಆಯಿತು. ಲಾಯಿಲದಿಂದ ಅಮ್ಮ ಬರುವಾಗಲೆಲ್ಲ ಪೆಟ್ಟಿಗೆಯಲ್ಲಿ ಇಟ್ಟ ಸೀರೆಗಳ ಸುದ್ದಿ. ಚಿಕ್ಕಮ್ಮ ಟ್ರೇನಿಂಗಿನ ಮಾತೇ ಎತ್ತುವುದಿಲ್ಲ. ಶಾಲೆಯ ಹೆಡ್‌ಮಾಸ್ಟರು ಮಾತ್ರ, “ಜೂನಿಗೆ ನೀವು ಮಂಗಳೂರಿಗೆ ಹೋಗುವುದು ನಿಶ್ಚಯ ಅಲ್ಲವಾ? ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡ್ಬೇಕು” ಎಂದು ಕೇಳಿದರು. ನಿಶ್ಚಯ ಸರ್, ಎಂದೆ. ಆ ಒಂದು ಮಾತು ಹೇಳಿ ಎಂಥ ಸಂತೋಷ!

ಆಗ ಹೊಳೆದದ್ದು ಸದ್ದು. ಗಾಡಿ ನೋಡಲು ಅಪ್ಪನದ್ದೇ, ಆದರೆ ಮೇಸ್ತ್ರಿ ಹಾಕಿದ ಹೊಸ ಸೈಲೆನ್ಸರಿನಿಂದಾಗಿ ಅದು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಹೇಳಿದೆ. ಮೇಸ್ತ್ರಿ ಎರಡೂ ಕೈ ಮೇಲೆತ್ತಿದರು: “ಬಣ್ಣ ಬಳೀತೇನೆ, ಹಲಗೆ ಹೊಡೀತೇನೆ. ಸದ್ದನ್ನು ಎಲ್ಲಿಂದ ತರುವುದು ತಂಗೀ? ನಿಮ್ಮ ಅಪ್ಪನ ಗಾಡಿಯ ಸದ್ದು ಹೇಗಿತ್ತು, ಒಮ್ಮೆ ಕೂಗಿ ತೋರಿಸಿ ನೋಡುವ!” ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ನನಗೂ ಆ ಸದ್ದು ಸರಿಯಾಗಿ ನೆನಪಿರಲಿಲ್ಲ. ಇದು ಅಲ್ಲ ಎಂಬುದಷ್ಟೇ ಗೊತ್ತಿತ್ತು.

ಪತ್ತನಾಜೆಗೆ ಮೊದಲಿನ ವಾರ ದೈವಕ್ಕೆ ತಂಬಿಲದ ಪೂಜೆ ಇಟ್ಟು ಅತ್ತೆ ನಮ್ಮನ್ನು ಕರೆಸಿದರು. ಆ ದಿನ ದೈವದ ಕಟ್ಟೆಯ ಮುಂದೆ ನಾನು ಹೌದೋ ಅಲ್ಲವೋ ಹೇಳಬೇಕು. ಹೌದಾದರೆ ಅದೇ ವಾರದಲ್ಲಿ ಮದುವೆ. ಚಪ್ಪರಕ್ಕೆ ಅಡಕೆಯ ಕಂಬಗಳು ಅಂಗಳದಲ್ಲಿ ಬಿದ್ದಿದ್ದವು. ಭಾವ ಮೂಡಬಿದಿರೆಯಿಂದ ಗಾಡಿ ತರುವವನಿದ್ದ. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಗಿತ್ತು. ಹೇಳುವ ಮಾತು ಸಿದ್ಧವಿತ್ತು: ಎಲ್ಲ ಸರಿ, ಸದ್ದು ಬೇರೆ. ದೈವದ ಮುಂದೆ ಹೇಳುವ ಮಾತು, ಅದೂ ನಿಜವಾದ ಮಾತು. ಯಾರು ಏನು ಮಾಡಿಯಾರು? ಉಳಿದ ನಾಲ್ಕು ದಿನದಲ್ಲಿ ಸದ್ದನ್ನು ಹುಟ್ಟಿಸುವುದು ಬ್ರಹ್ಮನಿಗೂ ಆಗದು.

ಕಾಯಿಯ ಎರಡನೆಯ ಹೋಳು ಕೈಯಲ್ಲಿತ್ತು. ಕೆಳಗೆ, ಗದ್ದೆಯಿಂದ ಮನೆಗೆ ಏರುವ ದಾರಿಯಲ್ಲಿ, ಗಾಡಿಯೊಂದು ಕೆಮ್ಮಿತು. ಗೇರು ಬದಲಾಯಿಸಿ, ಉಬ್ಬಸದವರ ಹಾಗೆ ಒಮ್ಮೆ ತಡೆದು, ಮತ್ತೆ ಡಬಡಬ ಡಬಡಬ ಎಂದು ಏರು ಹತ್ತತೊಡಗಿತು. ನಾನು ಏನು ಯೋಚಿಸಿದೆನೆಂದು ಕೇಳಬೇಡಿ. ಯೋಚಿಸಲಿಲ್ಲ. ಕೈಯ ಹೋಳು ಎಲ್ಲಿ ಬಿತ್ತೋ, ತುರಿಮಣೆಯನ್ನು ಯಾವಾಗ ದಾಟಿದೆನೋ ದೇವರೇ ಬಲ್ಲ. ಜಗಲಿ ಹಾರಿ, ಅಂಗಳದ ಕಂಬಗಳನ್ನು ಹಾರಿ, ಗೇಟಿನ ಹತ್ತಿರ ಓಡಿದ್ದೆ. ಓಡುತ್ತಾ ಕೂಗಿದ್ದೆ, ಮನೆಯವರಿಗೆಲ್ಲ ಕೇಳುವ ಹಾಗೆ: “ಅಮ್ಮಾ, ಅಪ್ಪ ಬಂದ್ರು! ಅಪ್ಪ ಬಂದ್ರು!”

ಗಾಡಿ ಗೇಟಿನಲ್ಲಿ ನಿಂತಿತು. ಭಾವ ಇಳಿದ, ಮುಖ ಸಣ್ಣದು ಮಾಡಿಕೊಂಡು. “ಕ್ಷಮಿಸು ಮಾರಾಯ್ತಿ. ಸಿದ್ಧಕಟ್ಟೆಯ ಇಳಿಜಾರಿನಲ್ಲಿ ಕಲ್ಲಿಗೆ ಬಡಿದು ಸೈಲೆನ್ಸರ್ ಬಿದ್ದುಹೋಯ್ತು. ಈ ಸಲ ಆಗ್ಲಿಲ್ಲ, ದೀಪಾವಳಿ ಕಳೀಲಿ” ಎಂದ. ನಾನು ಅಳುತ್ತಿದ್ದೆ. ಅಂಥ ಅಳು ಅಪ್ಪನ ಬೊಜ್ಜದ ದಿನವೂ ಅತ್ತಿರಲಿಲ್ಲ.

ಹಿಂದಿನಿಂದ ಅತ್ತೆ ಬಂದರು, ಅವರ ಹಿಂದೆ ಅಮ್ಮ. ಅತ್ತೆ ದೈವದ ಕಟ್ಟೆಯ ಕಡೆ ತಿರುಗಿ ಕೈಮುಗಿದರು. “ಕೇಳಿತಲ್ಲ ಸ್ವಾಮೀ, ಮಗಳು ಸಾಕ್ಷಿ ಹೇಳಿದ್ಲು” ಎಂದರು. ಅಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಅವರ ಕಣ್ಣಿನಲ್ಲೂ ನೀರು, ಸಂತೋಷದ್ದು. ನಾನು ಅಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಅಲ್ಲ ಎಂದರೆ ಸುಳ್ಳಾಗುತ್ತಿತ್ತು.

ಮದುವೆ ಪತ್ತನಾಜೆಯ ಒಳಗೇ ಆಯಿತು. ಜೂನಿನಲ್ಲಿ ಮೂಡಬಿದಿರೆಯ ನನ್ನ ಮಕ್ಕಳಿಗೆ ಬೇರೆ ಟೀಚರು ಬಂದರು, ಮಂಗಳೂರಿನ ಸೀಟು ಯಾರಿಗೋ ಹೋಯಿತು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಹಾಗೆಂದು ಇವತ್ತಿಗೂ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆ ಗೇಟಿಗೆ ನಾನೇ ಓಡಿ ಬಂದದ್ದು. ಕರೆದದ್ದು ಅಪ್ಪನನ್ನು, ಇಳಿದದ್ದು ಗಂಡ.