ಅತ್ತಿಗೆಯ ಟಂಬ್ಲರ್, ನನಗೆ ಬಿದ್ದ ಚಪ್ಪಾಳೆ

ಕಳೆದ ತಿಂಗಳು ಒಂದು ಭಾನುವಾರ ವೇಲಚೇರಿಯ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸಿನಲ್ಲಿ ನನಗೆ ಜೋರು ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆ ನನ್ನ ವೈರಿಗೂ ಬೇಡ.

ಮೊದಲು ಒಂದು ಸಂಗತಿ ಹೇಳಿಬಿಡುತ್ತೇನೆ. ಐವತ್ತು ದಾಟಿದ ನಾನು ಬಿಡುವಿದ್ದಾಗಲೆಲ್ಲ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತೇನೆ. ಹೌದು, ಒಂದರ ಮೇಲೊಂದು ಟಕ್ಕೆಂದು ಕೂರುವ, ಮಕ್ಕಳು ಆಡುವ ಅವೇ ಬಣ್ಣದ ಇಟ್ಟಿಗೆಗಳು. (ನಗುವವರು ನಕ್ಕುಬಿಡಿ. ನನ್ನ ಹೆಂಡತಿ ನಕ್ಕು ನಕ್ಕು ಸುಸ್ತಾಗಿ ಈಗ ಸುಮ್ಮನಾಗಿದ್ದಾಳೆ.) ನನ್ನಂಥವರದೇ ಒಂದು ಆನ್‌ಲೈನ್ ಗ್ರೂಪ್ ಇದೆ. ಬ್ಯಾಂಕಿನವರು, ಡಾಕ್ಟರು, ಐಟಿಯವರು, ಎಲ್ಲರೂ ಇದ್ದಾರೆ. ಮನೆಯಲ್ಲಿ ಯಾರೂ ನೋಡದ್ದನ್ನು ಅಲ್ಲಿ ಹಾಕುತ್ತೇವೆ, ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತೇವೆ.

ಈ ಇಟ್ಟಿಗೆಗಳ ಜೊತೆ ಹೆಬ್ಬೆರಳೆತ್ತರದ ಮನುಷ್ಯರೂ ಬರುತ್ತಾರೆ. ಅವರ ಅಂಗೈ ಕೊಕ್ಕೆಯ ಹಾಗೆ ಬಾಗಿರುತ್ತದೆ, ಅದಕ್ಕೆ ಏನನ್ನಾದರೂ ಸಿಕ್ಕಿಸಬಹುದು. ಕಂಪನಿಯವರು ಕತ್ತಿ ಕೊಡುತ್ತಾರೆ, ಗುರಾಣಿ ಕೊಡುತ್ತಾರೆ, ಕಡಲುಗಳ್ಳರ ಟೋಪಿ ಕೊಡುತ್ತಾರೆ. ನನ್ನಂಥ ಮೈಲಾಪೂರಿನವನು ಕತ್ತಿ ಇಟ್ಟುಕೊಂಡು ಏನು ಮಾಡಬೇಕು? ಹಾಗಾಗಿ ಕೈಚಳಕ ಇದ್ದವರು ಬೇಕಾದ ಸಾಮಾನನ್ನು ತಾವೇ ಮಾಡಿಕೊಳ್ಳುತ್ತಾರೆ. ಅದಕ್ಕೆ ಗ್ರೂಪಿನಲ್ಲಿ ‘ಕಸ್ಟಮ್’ ಎಂದು ಹೆಸರು. ಒಳ್ಳೆಯ ಕಸ್ಟಮ್ ಮಾಡುವವನಿಗೆ ಸಿನಿಮಾ ಹೀರೋನ ಮರ್ಯಾದೆ.

ನನಗೆ ಆ ಕೈಚಳಕ ಇಲ್ಲ. ಶಾರದತ್ತಿಗೆಗೆ ಇದೆ.

ಶಾರದತ್ತಿಗೆ ನನ್ನ ಅಣ್ಣನ ಹೆಂಡತಿ. ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದಾರೆ. ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿ ಮೈಲಾಪೂರಿಗೆ ಬಂದು, ಕೋರ್ಸ್ ಮಾಡಿ, ವಡಪಳನಿಯ ಲ್ಯಾಬೊಂದರಲ್ಲಿ ನಿವೃತ್ತಿಯಾಗುವವರೆಗೂ ಕೃತಕ ಹಲ್ಲು ಮಾಡಿದವರು. ಮೇಣದಲ್ಲಿ ಹಲ್ಲು ಕೆತ್ತುವುದು, ಅಚ್ಚು ತೆಗೆಯುವುದು, ಪಾಲಿಶ್ ಕೊಡುವುದು, ಇದೇ ಅವರ ಉದ್ಯೋಗ.

ಈ ವರ್ಷ ನಾನು ಇಟ್ಟಿಗೆಯಲ್ಲಿ ಒಂದು ಕಾಫಿ ಹೋಟೆಲು ಕಟ್ಟಿದೆ. ಅತ್ತಿಗೆ ಬಂದು ಬಗ್ಗಿ ನೋಡಿದರು.

“ಎಂತ ಮಾರಾಯ, ಕಾಫಿ ಹೋಟ್ಲಲ್ಲಿ ಎಲ್ಲರೂ ಬರಿಗೈಯಲ್ಲಿ ನಿಂತಿದ್ದಾರಲ್ಲ?”

ಒಂದು ಗೊಂಬೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದರು. ವಾಪಸು ಬಂದಾಗ ಅದರ ಕೈಯಲ್ಲಿ ಕಾಫಿಯ ಡವರಾ-ಟಂಬ್ಲರ್ ಇತ್ತು, ಬಟ್ಟಲೊಳಗೆ ಲೋಟ. ಅಕ್ಕಿಕಾಳಿಗಿಂತ ತುಸು ದೊಡ್ಡದು. ಟಂಬ್ಲರಿನ ಬಾಯಿಗೆ ಮಡಚಿದ ಅಂಚು. ಒಳಗೆ ಕಾಫಿ, ಕಾಫಿಯ ಮೇಲೆ ನೊರೆ.

ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ‘ನನ್ನ ಕಾಫಿ ಹೋಟೆಲ್, ಕಸ್ಟಮ್ ಟಂಬ್ಲರ್ ಸಹಿತ’ ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ, ಅಲ್ಲವೇ? “ವೇರ ಲೆವೆಲ್, ಸಾರ್. ನೀವೇ ಮಾಡಿದ್ದಾ?” ಎಂದು ಒಬ್ಬರು ತಮಿಳು ಬೆರೆಸಿ ಹೊಗಳಿ ಕೇಳಿದರು. ನಾನು ಕೈಮುಗಿದ ಎಮೋಜಿ ಹಾಕಿದೆ. ಅದು ಹೌದೂ ಅಲ್ಲ, ಅಲ್ಲ ಎಂದೂ ಅಲ್ಲ. ಎಮೋಜಿಗಳು ಹುಟ್ಟಿದ್ದೇ ನನ್ನಂಥವರ ಅನುಕೂಲಕ್ಕೆ.

ಆಮೇಲೆ ಅತ್ತಿಗೆ ವೀಣೆ ಮಾಡಿದರು, ಇಡ್ಲಿ ಪಾತ್ರೆ ಮಾಡಿದರು, ಮಲ್ಲಿಗೆ ಬುಟ್ಟಿ ಮಾಡಿದರು. ನಾನು ಹಾಕುತ್ತಾ ಹೋದೆ. ಗ್ರೂಪಿನಲ್ಲಿ ನನಗೆ ‘ಟಂಬ್ಲರ್ ಸಾರ್’ ಎಂಬ ಹೆಸರೇ ಬಂತು.

ಇಷ್ಟೇ ಆಗಿದ್ದರೆ ನನ್ನದು ಸಾಧಾರಣ ಕಳ್ಳತನ. ಅದಕ್ಕಿಂತ ಕೆಟ್ಟದ್ದೊಂದು ಮಾಡಿದೆ.

ಅತ್ತಿಗೆ ಗ್ರೂಪುಗಳಿಗೆ ಸೇರುವವರಲ್ಲ. ಆದರೆ ಸಂಜೆ ಕೆಳಗಿಳಿದು ಬಂದು, “ಎಂತ ಹೇಳಿದ್ರು ನಿನ್ನ ಗ್ರೂಪಿನವರು?” ಎಂದು ಕೇಳುತ್ತಿದ್ದರು. ನಾನು ಕಾಮೆಂಟುಗಳನ್ನು ಓದಿ ಹೇಳುತ್ತಿದ್ದೆ. ‘ಅಮೇಜಿಂಗ್ ವರ್ಕ್, ಸಾರ್’ ಎಂದಿದ್ದರೆ ‘ಅಮೇಜಿಂಗ್ ವರ್ಕ್, ಮೇಡಂ’ ಎಂದು ಓದುತ್ತಿದ್ದೆ. ‘ಬ್ರೋ’ ಎಂದಿದ್ದರೆ ‘ಅಕ್ಕಾ’. ಅತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಮ್ಮೆ ಹೇಳಿದರು: “ಇಷ್ಟು ಕಾಲ ಹಲ್ಲು ಮಾಡಿದೆ ಮಾರಾಯ. ಹಲ್ಲು ಕಟ್ಟಿಸಿಕೊಂಡವರು ಡಾಕ್ಟ್ರಿಗೆ ಥ್ಯಾಂಕ್ಸ್ ಹೇಳಿ ಹೋಗ್ತಿದ್ರು. ನನಗೆ ‘ಚಂದ ಉಂಟು’ ಅಂತ ಹೇಳಿದವರು ಇವರೇ ಮೊದಲು.”

ಆಗಲಾದರೂ ನಿಜ ಹೇಳಬಹುದಿತ್ತು. ಮುಂದಿನ ಕಾಮೆಂಟ್ ಓದಿದೆ.

ಹೀಗೆ ಓದುವ ಉಮೇದಿನಲ್ಲೇ, ‘ಭಾನುವಾರದ ಮೀಟಿಗೆ ದಯವಿಟ್ಟು ಬನ್ನಿ, ಮಾಡುವ ವಿಧಾನ ತೋರಿಸಿ’ ಎಂಬ ಆಹ್ವಾನವನ್ನೂ ಓದಿಬಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅತ್ತಿಗೆ ಹಸಿರು ಸೀರೆ ಉಟ್ಟು, ಮೇಣ ಕೆತ್ತುವ ಸಲಕರಣೆಗಳ ಡಬ್ಬಿ ಹಿಡಿದು ನಿಂತಿದ್ದಾರೆ. “ನಡಿ, ತಡ ಆಗ್ತದೆ.”

ಮೈಲಾಪೂರಿನಿಂದ ವೇಲಚೇರಿಗೆ ಲೋಕಲ್ ಟ್ರೈನಿನಲ್ಲಿ ಹೋದೆವು. ಪ್ರತಿ ಸ್ಟೇಷನ್ನಿನಲ್ಲೂ, ಇನ್ನು ಹೇಳಿಬಿಡುತ್ತೇನೆ ಎಂದುಕೊಂಡೆ. ಅಲ್ಲಿಗೆ ಹೋದಮೇಲೆ ಹೇಗೋ ಆಗುತ್ತದೆ ಎಂದು ಮುಂದಕ್ಕೆ ಹಾಕಿದೆ.

ಅಲ್ಲಿ ಹೇಗೂ ಆಗಲಿಲ್ಲ. ಗ್ರೂಪಿನ ಅಡ್ಮಿನ್ ದಿವ್ಯಾ ಬಾಗಿಲಲ್ಲೇ ಎದುರಾದರು. “ವಾಂಗ, ಟಂಬ್ಲರ್ ಸಾರ್. ನಿಮ್ಮ ಕೈ ನೋಡಬೇಕು ಅಂತ ಎಲ್ಲರೂ ಕಾಯ್ತಿದ್ದೋಂ,” ಎಂದು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಸ್ವಾಗತಿಸಿದರು. (ಅವರ ಅಜ್ಜಿಮನೆ ಗಡಿಯ ಹೊಸೂರಂತೆ.) ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಇವಂಗ?” ಎಂದರು, ಇವರು ಯಾರು ಎಂಬಂತೆ.

“ನಮ್ಮ ಅತ್ತಿಗೆ,” ಎಂದೆ. “ಸುಮ್ಮನೆ ನೋಡೋಣ ಅಂತ ಬಂದ್ರು.”

ಈ ಮಾತು ನನ್ನ ಬಾಯಿಂದಲೇ ಬಂತು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ಅತ್ತಿಗೆ ನನ್ನ ಮುಖ ನೋಡಿದರು. ನಂತರ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಮೇಜಿನ ಸುತ್ತ ಜನ ಸೇರಿದರು. ಫೋನುಗಳು ಮೇಲೆದ್ದವು. ನಾನು ಡಬ್ಬಿ ತೆರೆದು ಮೇಣದ ತುಂಡೊಂದನ್ನು ತೆಗೆದೆ. ಯಾವ ಸಲಕರಣೆ ಯಾವುದಕ್ಕೆ ಎಂದು ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಒತ್ತಿದ ರಭಸಕ್ಕೆ ಮೇಣ ಎರಡು ತುಂಡಾಯಿತು.

“ಅವರು ಓದೋ ಕನ್ನಡಕ ಮರೆತು ಬಂದಿದ್ದಾರೆ,” ಎಂದು ಅತ್ತಿಗೆ ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. “ಅವರು ಹೇಳ್ತಾರೆ, ನಾನು ಮಾಡ್ತೇನೆ.” ಕುರ್ಚಿ ಎಳೆದು ಕೂತು, ನನ್ನ ಕೈಯಿಂದ ಸಲಕರಣೆ ತೆಗೆದುಕೊಂಡರು. ನಂತರ ತಲೆಯೆತ್ತದೆ, ಕನ್ನಡದಲ್ಲಿ, ಮೆತ್ತಗೆ: “ಎಂತಾದ್ರೂ ಹೇಳ್ತಾ ಇರು.”

ಹೇಳಿದೆ. “ಈಗ ಮೆಲ್ಲಗೆ ಕೆತ್ತಬೇಕು,” ಎಂದೆ. ಅವರು ಅಷ್ಟರಲ್ಲಿ ಕೆತ್ತಿಯಾಗಿತ್ತು. “ಅಂಚು ಮಡಚಬೇಕು,” ಎಂದೆ. ಅಂಚು ಮಡಚಿಯಾಗಿತ್ತು. ನೋಡುವವರಿಗೆ ನಾನು ಗುರು, ಅವರು ಶಿಷ್ಯೆ. ಟಂಬ್ಲರ್ ಗೊಂಬೆಯ ಕೈಯಲ್ಲಿ ಕೂತಾಗ ಚಪ್ಪಾಳೆ ಬಿತ್ತು. ಯಾರೋ ನನ್ನ ಬೆನ್ನು ತಟ್ಟಿ ಹೇಳಿದರು, “ಮೇಡಂಗೆ ಎಷ್ಟು ಚೆನ್ನಾಗಿ ಕಲಿಸಿದ್ದೀರಿ, ಸಾರ್.”

ಅತ್ತಿಗೆ ನಕ್ಕು ತಲೆಯಾಡಿಸಿದರು.

ವಾಪಸು ಬರುವಾಗ ಟ್ರೈನಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನಾನು “ಅತ್ತಿಗೇ” ಎಂದೆ. ಅವರೇ ಕೇಳಿದರು.

“ಆ ‘ಮೇಡಂ’, ‘ಅಕ್ಕಾ’ ಎಲ್ಲ ನೀನೇ ಹಾಕಿ ಓದಿದ್ದಾ?”

“ಹೌದು.”

“ಒಂದಾದ್ರೂ ನನಗೆ ಅಂತ ಬಂದದ್ದು ಉಂಟಾ?”

“ಇಲ್ಲ.”

“ನನಗೆ ಮೊದಲೇ ಹೇಳಿದ್ರೆ, ನಿನ್ನ ಹೆಸರಲ್ಲೇ ಇರ್ಲಿ ಅಂತಿದ್ದೆ ಮಾರಾಯ,” ಎಂದರು. “ಓದಿ ಹೇಳ್ಬಾರ್ದಿತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದೇ ಸಂಜೆ ಗ್ರೂಪಿನಲ್ಲಿ ಬರೆದೆ. ಟಂಬ್ಲರಿನಿಂದ ಹಿಡಿದು ಮಲ್ಲಿಗೆ ಬುಟ್ಟಿಯವರೆಗೆ ಎಲ್ಲ ನಮ್ಮ ಅತ್ತಿಗೆಯ ಕೆಲಸ, ನಾನು ಮಾಡಿದ್ದು ಮೋಸ ಎಂದು ಸ್ಪಷ್ಟವಾಗಿ ಬರೆದೆ. ಉಗಿಸಿಕೊಳ್ಳಲು ಸಿದ್ಧನಾಗಿ ಕೂತೆ. ಏನಾಯಿತು ಗೊತ್ತೇ? ಹೃದಯಗಳ ಸುರಿಮಳೆ. ‘ದೊಡ್ಡ ಮನಸ್ಸು ಸಾರ್ ನಿಮ್ಮದು.’ ‘ಒಪ್ಪಿಕೊಳ್ಳೋಕೂ ಧೈರ್ಯ ಬೇಕು, ಸಾರ್.’ ಕದ್ದದ್ದಕ್ಕೂ ನನಗೇ ಹೊಗಳಿಕೆ, ಒಪ್ಪಿಕೊಂಡದ್ದಕ್ಕೂ ನನಗೇ. ಅತ್ತಿಗೆಯ ಹೆಸರೇನು ಎಂದು ಕೇಳಿದವರು ದಿವ್ಯಾ ಒಬ್ಬರೇ.

ನಾವೇನು ಈ ಗ್ರೂಪಿನವರಿಗಿಂತ ಬೇರೆಯೇ? ಆಫೀಸಿನಲ್ಲಿ ಜೂನಿಯರ್ ಕೂತು ಮಾಡಿದ ಪ್ರೆಸೆಂಟೇಷನ್ನಿಗೆ ಬಾಸ್ ಕೈಕುಲುಕಿಸಿಕೊಳ್ಳುತ್ತಾನೆ. ಹೆಂಡತಿ ಮಾಡಿದ ಊಟಕ್ಕೆ ‘ನಮ್ಮ ಮನೆ ಊಟ’ ಎಂದು ಗಂಡ ಮೀಸೆ ತಿರುವುತ್ತಾನೆ. ಯಾರೂ ‘ನಾನು ಮಾಡಿದ್ದು’ ಎನ್ನುವುದಿಲ್ಲ. ‘ನಾನಲ್ಲ’ ಎನ್ನುವುದೂ ಇಲ್ಲ, ಅಷ್ಟೇ.

ದಿವ್ಯಾ ಮೈಲಾಪೂರಿಗೆ ಬಂದು, ಮಹಡಿ ಹತ್ತಿ, ಅತ್ತಿಗೆಯ ಫೋನಿಗೆ ಗ್ರೂಪ್ ಹಾಕಿಕೊಟ್ಟು ಹೋದರು. ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿಲ್ಲ. ಮಾಡಿದ ಕೋಸಂಬರಿಯನ್ನು ಮೊದಲಿನಂತೆಯೇ ಕಳಿಸುತ್ತಾರೆ. ಆದರೆ ಸಂಜೆ ಕೆಳಗಿಳಿದು ಬಂದು ಕೂರುವುದಿಲ್ಲ. ತಮ್ಮ ಕಾಮೆಂಟುಗಳನ್ನು ತಾವೇ ಓದಿಕೊಳ್ಳುತ್ತಾರೆ. ಹೊಸದೇನು ಮಾಡಿದರೂ ನನಗೆ ಗೊತ್ತಾಗುವುದು ಗ್ರೂಪಿನಿಂದಲೇ, ಉಳಿದವರ ಹಾಗೆ.

ಮೊನ್ನೆ ಒಂದು ನಾಗಸ್ವರ ಹಾಕಿದ್ದರು. ಗೊಂಬೆಯ ತುಟಿಗೆ ಸರಿಯಾಗಿ ಕೂತಿತ್ತು. ಬಹಳ ಹೊತ್ತು ನೋಡಿ ಫೋನು ಕೆಳಗಿಟ್ಟೆ.

ಲೈಕ್ ಒತ್ತುವುದಕ್ಕೂ ಒಂದು ಮುಖ ಬೇಕಲ್ಲವೇ?