ರೇಣುಕವ್ವನ ರಂಜಕಕ್ಕೆ ಮಕ್ತುಮಬಿಯ ಕೈ

ಬ್ಯಾಡಗಿಯ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ಹಾಸಿದ ಹಳೆಯ ಧೋತರದ ಮೇಲೆ ತೊಳೆದು ಹರವಿದ ಹಣ್ಣು ಮೆಣಸಿನಕಾಯಿ. ರೇಣುಕವ್ವ ಒಂದನ್ನೆತ್ತಿ ಕೆನ್ನೆಗೆ ಒತ್ತಿ ನೋಡುತ್ತಾರೆ. ನೀರಿನ ಪಸೆ ಉಳಿದರೆ ರಂಜಕಕ್ಕೆ ಬೂಸು ಬರುತ್ತದೆ.

"ಇನ್ನೊಮ್ಮಿ ಒರಸು ಮಕ್ತುಮಾ, ಹಸಿ ಐತಿ."

ಒರಳಿನ ಮುಂದೆ ಕುಳಿತ ಮಕ್ತುಮಬಿ ಗೊಣಗುತ್ತಲೇ ಏಳುತ್ತಾರೆ. "ಈ ಥಂಡ್ಯಾಗ ನಿನ್ನ ಗಲ್ಲಕ್ಕ ಎಲ್ಲಾನೂ ಹಸೀನ ಹತ್ತತೈತಿ ಅಕ್ಕಾ."

ಕೆಂಪು ಕಾಯಿಯನ್ನು ಉಪ್ಪು, ಮೆಂತ್ಯ, ಇಂಗು, ನಿಂಬೆರಸದೊಂದಿಗೆ ಅರೆದು, ವರ್ಷವಿಡೀ ಕೆಡದಂತೆ ಭರಣಿಗೆ ತುಂಬುವುದು ರಂಜಕ. ಬೇಸಿಗೆ ಬಂದರೆ ಮಾವಿನ ಉಪ್ಪಿನಕಾಯಿ. ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಹೇಮಪ್ಪ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮನೆ ಹಿಡಿದ ಮೇಲೆ, ಮನೆಮನೆಗೆ ಹೋಗಿ ಇವನ್ನು ಹಾಕಿಕೊಡುವುದೇ ರೇಣುಕವ್ವನ ಕಸುಬಾಯಿತು. ಹಾವೇರಿ, ರಾಣೆಬೆನ್ನೂರಿನಿಂದಲೂ ಕರೆ ಬರುತ್ತಿತ್ತು.

2006ರಲ್ಲಿ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಬೆರಳುಗಳ ಬಿಗಿತ ಬಿಡಲಿಲ್ಲ. ಒರಳಿನ ಗುಂಡು ತಿರುಗಿಸುವುದಿರಲಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಲೂ ಆಗದು. "ಕಾಯಿ ಹಣ್ಣಾದ್ವು. ನಾ ಕೈ ನೋಡ್ಕೋಂತ ಕುಂತಿದ್ದೆ," ಎಂದು ನೆನೆಯುತ್ತಾರೆ. ಆಗ ಬಂದವರು ಪಕ್ಕದ ಮನೆಯ ಮಕ್ತುಮಬಿ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವರು. "ನೀ ಬಾಯಿಲೆ ಹೇಳು, ನಾ ಕೈಲೆ ಮಾಡ್ತೇನಿ" ಅಂದರಂತೆ.

ಇಬ್ಬರೂ ಮೊದಲು ಹೋದದ್ದು ರಾಣೆಬೆನ್ನೂರಿನ ಕಾಯಂ ಗಿರಾಕಿಯ ಮನೆಯೊಂದಕ್ಕೆ. ಬಾಗಿಲಲ್ಲೇ ಹಿರಿಯಾಕೆ ತಡೆದರು. "ನೀ ಬಾ ರೇಣುಕಾ. ಆಕಿ ಹೊರಗ ಕುಂದರ್ಲಿ." ಮಕ್ತುಮಬಿ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿದರು. ರೇಣುಕವ್ವ ಒಳಗೆ ಕಾಲಿಡಲಿಲ್ಲ. "ಕೈ ಆಕೀವು ಯವ್ವಾ, ಬಾಯಿ ಅಷ್ಟ ನಂದು. ಬರೇ ಬಾಯಿ ತಗೊಂಡು ಏನ್ ಮಾಡ್ತೀರಿ?"

ಇಬ್ಬರೂ ಬಸ್ಸು ಹತ್ತಿ ವಾಪಸಾದರು. ಸುದ್ದಿ ಹರಡಿ ಇನ್ನೂ ಕೆಲವು ಮನೆ ತಪ್ಪಿಹೋದವು. ಕರೆಯುವವರಿಲ್ಲದಿದ್ದರೇನು, ಆ ಚಳಿಗಾಲ ತಮ್ಮದೇ ಅಂಗಳದಲ್ಲಿ ಒರಳು ಹೂಡಿದರು. ಓಣಿಯವರು ಕೊಂಡರು, ಅವರ ಬೀಗರು ಕೇಳಿದರು. ಮರುವರ್ಷ ಜನ ತಾವೇ ಕಾಯಿ ಹೊತ್ತು ತರತೊಡಗಿದರು.

ಹಾಗೆ ಬಂದವರಲ್ಲಿ ರಾಣೆಬೆನ್ನೂರಿನ ಆ ಮನೆಯ ಸೊಸೆ ನಿರ್ಮಲಾ ಕೂಡ ಒಬ್ಬರು. "ಅತ್ತಿಯವರು ಕಳಿಸ್ಯಾರ್ರಿ" ಎಂದು ಚೀಲ ಇಳಿಸಿದರು.

"ಒರಳಾಗ ಅರಿಯೋಕಿ ಮಕ್ತುಮ. ಗೊತ್ತೈತೇನವ್ವಾ ಅವರಿಗೆ?" ರೇಣುಕವ್ವ ನೇರವಾಗಿಯೇ ಕೇಳಿದರು.

ನಿರ್ಮಲಾ ನಕ್ಕರು. "ಗೊತ್ತಿದ್ದ ಕಳಿಸ್ಯಾರ್ರಿ. ನಾಲಿಗಿ ಕೇಳವಲ್ದಂತ."

ಮಕ್ತುಮಬಿ ಚೀಲ ಬಿಚ್ಚಿ ಹಣ್ಣು ಆರಿಸಲು ಕುಳಿತರು.

ಈಗ ಹಂಗಾಮಿನಲ್ಲಿ ಈ ಅಂಗಳಕ್ಕೆ ಬಿಡುವಿಲ್ಲ. ರೇಣುಕವ್ವನ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ; ನಿಂಬೆಹಣ್ಣು ಹಿಂಡಲು ಹೋಗಿ ಬೈಸಿಕೊಳ್ಳುತ್ತಾರೆ. ಮಕ್ತುಮಬಿ ಕೊಡ ಹಿಡಿದು ನಳದತ್ತ ಹೋಗುವುದನ್ನೇ ಕಾದು, ಬರೆಯಲು ಬಂದ ನನ್ನತ್ತ ಬಾಗಿ ದನಿ ತಗ್ಗಿಸುತ್ತಾರೆ.

"ಈ ವರ್ಷ ಆಕಿ ನನ್ನ ಕೇಳೂದ ಬಿಟ್ಟಾಳ್ರಿ. ಮೆಂತೇನ ತನಗ ತಿಳಿದಷ್ಟು ಹುರೀತಾಳ. ಖರೇ ಹೇಳ್ತೇನಿ, ನಂದಕಿಂತ ಛಲೋ ಆಗೇತಿ. ಇದನ್ನ ಪೇಪರ್‌ನ್ಯಾಗ ಬರೀರಿ. ಆಕಿಗೆ ಮಾತ್ರ ಓದಿ ಹೇಳಬ್ಯಾಡ್ರಿ."