ಕೌಂಟರಿನ ಅಕ್ಕ ಮತ್ತು ಹೊಸ ಸರ್ವರ್

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಆ ಸೋಮವಾರ ಅದು ಹೋಗಿ ಬಿದ್ದದ್ದು ಕೌಂಟರಿನ ಅಕ್ಕನ ಮೇಲೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ, ಮನೆ ಕೋಗಳಿಯಲ್ಲಿ. ಕೊಟ್ಟೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನ ಕಂಪ್ಯೂಟರುಗಳನ್ನು ಮೊದಲಿನಿಂದಲೂ ನಾನೇ ನೋಡಿಕೊಳ್ಳುತ್ತೇನೆ. ಒಳಗಿನ ಕೋಣೆಯಲ್ಲಿ ರೋಗಿಗಳ ವಿವರ ಇಟ್ಟುಕೊಂಡ ಸರ್ವರ್, ಹೊರಗಿನ ಕೌಂಟರಿನಲ್ಲಿ ಅದಕ್ಕೆ ತಂತಿಯಿಂದ ಜೋಡಿಸಿದ ಮೂರು ಮುದಿ ಮಷಿನ್ನು. ಆ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವವಳನ್ನು ಊರೆಲ್ಲ ಅಕ್ಕ ಅಂತಲೇ ಕರೆಯುತ್ತದೆ. ಚೀಟಿ ಮಾಡುವ ಒಂದು ಹಳೇ ಪ್ರೋಗ್ರಾಮು ಬಿಟ್ಟರೆ ಅಕ್ಕನಿಗೆ ಬೇರೇನೂ ಬಾರದು. ಅದನ್ನು ಮಾತ್ರ ಕಣ್ಣು ಮುಚ್ಚಿ ಓಡಿಸುತ್ತಾಳೆ. ಆ ಪ್ರೋಗ್ರಾಮೋ, ಆ ಮುದಿ ಮಷಿನ್ನಿನಲ್ಲಲ್ಲದೆ ಬೇರೆಲ್ಲೂ ಓಡುವುದಿಲ್ಲ.

ಸರ್ವರಿನ ಆಪರೇಟಿಂಗ್ ಸಿಸ್ಟಮ್ ತೀರ ಹಳೆಯದಾಗಿತ್ತು. ಹೊಸದು ಹಾಕು ಅಂದರು ಡಾಕ್ಟ್ರು. "ಹಳೇ ಮಷಿನ್ ಅದಕ್ಕ ಹೊಂದಿಕೊಂಡ್ರ ಇರ್ಲಿ. ಇಲ್ಲಾಂದ್ರ ಎಲ್ಲಾ ಹೊಸಾವು ತಂದುಬಿಡು. ಅಕ್ಕ ಮನ್ಯಾಗ ಆರಾಮ ಇರ್ಲಿ, ಕೌಂಟರಿಗೆ ಕಲಿತವ್ರನ್ನ ಯಾರನ್ನಾರ ತಗೊಳ್ಳೂಣು." ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಪಕ್ಕದಲ್ಲೇ ನಿಂತಿದ್ದ ಅಕ್ಕ ಜೋಡಿಸಿದ್ದ ಚೀಟಿಗಳನ್ನೇ ಮತ್ತೆ ಜೋಡಿಸಿದಳು. ಆಮೇಲೆ ನನ್ನ ಹಿಂದೆಯೇ ಬಂದು, "ತಮ್ಮಾ, ಈ ಕುರ್ಚಿ ಬಿಟ್ರ ನಾ ಎಲ್ಲಿ ಹೋಗ್ಲಿ? ಮನ್ಯಾಗ ಗ್ವಾಡಿ ಕೂಡ ಮಾತಾಡ್ಲೇನು?" ಅಂದಳು. ನಾನಿದೀನಲ್ಲ, ಸುಮ್ಮನಿರು ಅಂತ ಜಂಬ ಕೊಚ್ಚಿದೆ.

ಭಾನುವಾರ ಆಸ್ಪತ್ರೆಗೆ ರಜೆ. ಇಡೀ ದಿನ ಕೂತು ಸರ್ವರಿಗೆ ಹೊಸ ಸಿಸ್ಟಮ್ ಹಾಕಿದೆ. ಮುದಿ ಮಷಿನ್ನು ಮೂರನ್ನೂ ಒಂದೊಂದಾಗಿ ಹಚ್ಚಿ ನೋಡಿದೆ. ಮೂರೂ ಸರ್ವರಿನ ಕೂಡ ಚೆನ್ನಾಗಿ ಮಾತಾಡಿದವು. ಅಕ್ಕನಿಗೆ ಫೋನ್ ಮಾಡಿ, ನಾಳೆ ಆರಾಮ ಬಂದು ಕೂಡು ಅಂದೆ.

ಸೋಮವಾರ ಬೆಳಗ್ಗೆ ಡಾಕ್ಟ್ರ ಫೋನು. ಮೂರೂ ಮಷಿನ್ನು ಸರ್ವರಿನೊಳಗೆ ಹೋಗುತ್ತಿಲ್ಲ, ಚೀಟಿ ಇಲ್ಲ, ಬಾಗಿಲ ತನಕ ಜನ. ಓಡಿದೆ. ನಾನು ಮಾಡಿದರೆ ಆಗಿದ್ದು ಇವಳು ಕೂತರೆ ಆಗೋದಿಲ್ಲ ಅಂದರೆ ಏನರ್ಥ? "ಏನ್ ಒತ್ತಿದಿ ಅಕ್ಕಾ? ಸುಮ್ನ ಇರಾಕ ಆಗಲಿಲ್ಲೇನು?" ಅಂತ ಅಷ್ಟು ಜನರ ಮುಂದೆ ರೇಗಿಬಿಟ್ಟೆ. "ನಾ ಏನೂ ಒತ್ತಿಲ್ಲ ತಮ್ಮಾ. ದಿನಾ ಮಾಡಿದಂಗ ಮಾಡೀನಿ." ಡಾಕ್ಟ್ರು ಒಳಗಿಂದಲೇ, "ಸಾಕು ಬಿಡು, ನಾಳೆ ಹೊಸಾವು ತಗೊಂಡ ಬಾ" ಅಂದರು. ಅಕ್ಕ ಕೈಬರಹದಲ್ಲಿ ಚೀಟಿ ಕೊಡತೊಡಗಿದಳು.

ಮಧ್ಯಾಹ್ನ ಜನ ಕರಗುವವರೆಗೂ ತಂತಿ, ಸೆಟ್ಟಿಂಗು ಎಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ಸೋತು, "ದಿನಾ ಮಾಡಿದಂಗ ಇನ್ನೊಮ್ಮೆ ಮಾಡು, ನೋಡ್ತೀನಿ" ಅಂದೆ.

ಮಷಿನ್ ಹಚ್ಚಿದಳು. ಮೂರರಲ್ಲೂ ಟೈಮು ನೆನಪಿಡುವ ಒಳಗಿನ ಸಣ್ಣ ಸೆಲ್ಲು ಸತ್ತು ವರ್ಷಗಳಾಗಿದ್ದವು, ಹಾಗಾಗಿ ಹಚ್ಚಿದಾಗೆಲ್ಲ ಅವು ತಾರೀಖು, ಟೈಮು ಕೇಳುತ್ತವೆ. ಹೊಸ ಸೆಲ್ಲು ಹಾಕೋಣ ಹಾಕೋಣ ಅಂತ ಪ್ರತಿ ಸಲ ಮರೆತವನು ನಾನೇ. ಭಾನುವಾರ ನಾನು ನನ್ನ ಮೊಬೈಲ್ ನೋಡಿ ಟೈಮ್ ಹೊಡೆದಿದ್ದೆ. ಅಕ್ಕ ತಲೆ ಎತ್ತಿ ಗೋಡೆ ಗಡಿಯಾರ ನೋಡಿ ಹೊಡೆದಳು. ನಾನೂ ತಲೆ ಎತ್ತಿದೆ. ಆ ಗಡಿಯಾರ ಹದಿನೈದು ನಿಮಿಷ ಮುಂದಿತ್ತು.

ಹಳೇ ಸಿಸ್ಟಮ್ ಇದ್ದಾಗ ಸರ್ವರಿಗೂ ದಿನಾ ಅವಳೇ ಅದೇ ಟೈಮ್ ಹೊಡೆಯುತ್ತಿದ್ದಳು, ಎಲ್ಲವೂ ಒಟ್ಟಿಗೇ ಮುಂದಿದ್ದವು, ಜಗಳವಿರಲಿಲ್ಲ. ಹೊಸದು ಇಂಟರ್ನೆಟ್ಟಿನಿಂದ ಸರಿಯಾದ ಟೈಮ್ ತಗೊಳ್ಳುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇರುವ ಮಷಿನ್ನನ್ನು ಒಳಗೇ ಬಿಡುವುದಿಲ್ಲ.

"ಗಡಿಯಾರ ಕೆಟ್ಟೈತೇನಕ್ಕ?"

"ಕೆಟ್ಟಿಲ್ಲ. ನಾನಾ ಮುಂದ ಇಟ್ಟೀನಿ. ಹಿಂದ ಒಬ್ಬಾಕಿ ನಿಮ್ಮ ಕೋಗಳಿ ಬಾಣಂತಿ, ಟೈಮ್ ಗೊತ್ತಾಗ್ದ ಇಲ್ಲೇ ಕುಂತು ಕಡೀ ಬಸ್ ತಪ್ಪಿಸಿಗೊಂಡ್ಳು. ಹಸಿಗೂಸು ಎತ್ತಿಗೊಂಡು ನಡಕೊಂತ ಹೋದ್ಳಂತ. ಅವತ್ತಿನಿಂದ ಮುಂದ ಇಟ್ಟೀನಿ. ಆಮ್ಯಾಲ ಯಾರ್ದೂ ಬಸ್ ತಪ್ಪಿಲ್ಲ." ಮಷಿನ್ನಿನ ಕಡೆ ನೋಡಿ, "ಅದ್ರಿಂದಾನಾ ಹಿಂಗ ಆತೇನು?" ಅಂದಳು.

ನನಗೆ ನಾಚಿಕೆಯಾಯಿತು. ಎದ್ದು ಡಾಕ್ಟ್ರ ಕೋಣೆಗೆ ಹೋದೆ. "ಸರ್, ತಪ್ಪು ನಂದು. ಮಷಿನ್ನಿಗೆ ಸೆಲ್ ಹಾಕಿರಲಿಲ್ಲ, ಅದಕ್ಕ ಹಿಂಗಾತು. ಅಕ್ಕಂದು ಏನೂ ಇಲ್ಲ. ಹೊಸಾವು ಬ್ಯಾಡ, ಇವ ನಡಿತಾವು." ಡಾಕ್ಟ್ರು ನನ್ನನ್ನೇ ನೋಡಿ, "ಮತ್ತ ಬೆಳಿಗ್ಗೆ ಆಕಿಗೆ ಅಷ್ಟು ಬೈದೆಲ್ಲ?" ಅಂದರು. ಅದೂ ನನ್ನ ತಪ್ಪೇ ಅಂದೆ. "ಇರ್ಲಿ, ಆಕಿನಾ ಕುಂದ್ರಲಿ" ಅಂದರು.

ಬಜಾರಿನಿಂದ ಸೆಲ್ ತಂದು ಮೂರಕ್ಕೂ ಹಾಕಿ, ಸರಿಯಾದ ಟೈಮ್ ಕೊಟ್ಟೆ. ಮೂರೂ ಒಳಗೆ ಹೋದವು. ಅಕ್ಕ ಕುರ್ಚಿಯ ಕೈಯನ್ನು ಸೆರಗಿನಿಂದ ಒರೆಸಿ ಕೂತಳು. ನಾನು ತಪ್ಪಾಯಿತು ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕೇಳಿದ್ದೇ ಬೇರೆ.

"ಗ್ವಾಡಿ ಗಡಿಯಾರಾನೂ ಸರಿ ಮಾಡ್ಬೇಕೇನು ತಮ್ಮಾ?"

"ಅದಕ್ಕ ತಂತಿ ಇಲ್ಲಕ್ಕ. ಅದು ಹೆಂಗೈತಿ ಹಂಗ ಇರ್ಲಿ."

ಸಾಮಾನು ಕಟ್ಟಿಕೊಳ್ಳುತ್ತಿದ್ದೆ. ಅಕ್ಕ ತಲೆ ಎತ್ತಿ ನೋಡಿ, "ಲಗೂನ ನಡಿ, ನಿನ್ನ ಬಸ್ಸಿನ ಹೊತ್ತಾತು" ಅಂದಳು. ನಾನೂ ಗೋಡೆ ನೋಡಿದೆ, ಹೊತ್ತಾಗಿಬಿಟ್ಟಿತ್ತು. ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಒಂದೇ ಓಟ. ಕೋಗಳಿ ಬಸ್ಸು ಖಾಲಿ ನಿಂತಿತ್ತು, ಡ್ರೈವರ್ ಕೆಳಗೆ ಚಹಾ ಕುಡಿಯುತ್ತಿದ್ದ. ಇನ್ನೂ ಹದಿನೈದು ನಿಮಿಷ ಇತ್ತು. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಕೂತೆ.